ಮಾರ್ಬಲ್ ಹಲಗೆಯ ಮೇಲೆ ಲೇಸರ್ ಕೆತ್ತನೆ: ಹಾಸನದ ಪುಟ್ಟ ಅಂಗಡಿಯೊಂದರಲ್ಲಿ ಮಾಡಿಸಿದ ಎರಡು ಕೆಲಸಗಳು

ಕಳೆದ ವರ್ಷ, ಅಮ್ಮನ ಮೊದಲ ವರ್ಷದ ತಿಥಿಗೆ ಇನ್ನೂ ಎರಡು ತಿಂಗಳಿರುವಾಗ, ನಾವು ಒಡಹುಟ್ಟಿದವರೆಲ್ಲ ಕೂಡಿ ಎರಡು ಕೆಲಸ ಮಾಡಿಸಬೇಕೆಂದು ನಿಶ್ಚಯಿಸಿದೆವು. ಒಂದು, ಮನೆಯ ಪಡಸಾಲೆಯಲ್ಲಿ ಇಡಲು ಅಮ್ಮನ ಭಾವಚಿತ್ರವನ್ನು ಕಪ್ಪು ಮಾರ್ಬಲ್ ಹಲಗೆಯ ಮೇಲೆ ಕೆತ್ತಿಸುವುದು. ಇನ್ನೊಂದು, ಅಪ್ಪ ಬಹಳ ವರ್ಷ ಪಾಠ ಹೇಳಿದ ಊರಿನ ಶಾಲೆಗೆ ನಾವು ಕಟ್ಟಿಸಿಕೊಟ್ಟ ಕುಡಿಯುವ ನೀರಿನ ತೊಟ್ಟಿಯ ಬಳಿ ಅವರ ಹೆಸರಿನ ಬಿಳಿ ಮಾರ್ಬಲ್ ಫಲಕ ಹಾಕಿಸುವುದು. ಎರಡೂ ಕೆಲಸಗಳು ಕೊನೆಗೆ ಆದದ್ದು ಹಾಸನದ ಬಿ.ಎಂ. ರಸ್ತೆಯಿಂದ ಒಳಗೆ ಹೋದರೆ ಸಿಗುವ, ಒಬ್ಬರೇ ನಡೆಸುವ ಸಣ್ಣ ಅಂಗಡಿಯಲ್ಲಿ. ಭಾವಚಿತ್ರದ ಕೆಲಸವನ್ನು ನಾನು ಮನಸಾರೆ ಮೆಚ್ಚಿಕೊಂಡಿದ್ದೇನೆ. ಬಿಳಿ ಫಲಕದಲ್ಲಿ ಒಂದು ಕೊರತೆ ಉಳಿದಿದೆ. ಇಂಥ ಅಂಗಡಿಗಳು ಈಗ ಹೆಚ್ಚುಕಡಿಮೆ ಎಲ್ಲ ಜಿಲ್ಲಾ ಕೇಂದ್ರಗಳಲ್ಲಿಯೂ ಇರುವುದರಿಂದ, ಕೆಲಸ ಕೊಡುವ ಮೊದಲು ಏನನ್ನು ಕೇಳಬೇಕು, ಏನನ್ನು ಕಣ್ಣಾರೆ ನೋಡಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಹಾಸನದ ಅಂಗಡಿಗೆ ಹೋಗುವ ಮೊದಲು ಒಂದು ಆನ್‌ಲೈನ್ ಸೇವೆಯಿಂದ ಹಲಗೆ ತರಿಸಿ ಮೋಸಹೋಗಿದ್ದೆವು. ನನ್ನ ತಮ್ಮ ಅಮೆರಿಕದಲ್ಲಿರುವುದರಿಂದ ಎಲ್ಲವನ್ನೂ ಫೋನಿನಲ್ಲಿಯೇ ಮುಗಿಸಬಹುದೆಂಬ ಆಸೆಯಿಂದ ಫೋಟೊ ಕಳುಹಿಸಿ, 1,450 ರೂಪಾಯಿ ಕಟ್ಟಿದ್ದಾಯಿತು. ಒಪ್ಪಿಗೆಗೆಂದು ಅವರು ಕಳುಹಿಸಿದ ಚಿತ್ರದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಹಲಗೆ ಬಂದಾಗ ಒಂದು ಮೂಲೆ ಮುರಿದಿತ್ತು, ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ‘ಸ್ಮರಣಾರ್ಥ’ ಎಂಬ ಪದ ಕಲ್ಲಿನ ಮೇಲೆ ‘ಸ್‌ಮರಣಾರ್‌ಥ’ ಎಂದು ಮೂಡಿತ್ತು. ಅದಕ್ಕಿಂತ ನೋವಾದದ್ದು ಅಮ್ಮನ ಮುಖ ನೋಡಿದಾಗ. ಹಳೆಯ ಫೋಟೊವನ್ನು ಯಾವುದೋ ಆ್ಯಪಿಗೆ ಕೊಟ್ಟು ನುಣುಪು ಮಾಡಿಸಿದ್ದರು. ಬಲ ಹುಬ್ಬಿನ ಮೇಲಿದ್ದ ಸಿಡುಬಿನ ಸಣ್ಣ ಕಲೆ ಮಾಯವಾಗಿತ್ತು, ಕಣ್ಣುಗಳು ದೊಡ್ಡದಾಗಿದ್ದವು, ತುಟಿಯ ಅಂಚು ತಿದ್ದಿದಂತಿತ್ತು. ನೋಡಿದವರೆಲ್ಲ “ಚೆನ್ನಾಗಿ ಬಂದಿದೆ” ಎಂದರೇ ಹೊರತು, “ಇದು ಅಮ್ಮ” ಎಂದು ಯಾರೂ ಹೇಳಲಿಲ್ಲ. ಹತ್ತು ದಿನ ಪತ್ರವ್ಯವಹಾರ ಮಾಡಿದ ಮೇಲೆ ಅರ್ಧ ಹಣ ಮರಳಿ ಬಂತು.

ಹಾಸನದ ಅಂಗಡಿಯನ್ನು ತೋರಿಸಿಕೊಟ್ಟವರು ನಮ್ಮ ಬೀದಿಯ ಡಿಟಿಪಿ ಕೇಂದ್ರದವರು. ಒಳಗೆ ಹೋದಾಗ ಮೊದಲು ಕಣ್ಣಿಗೆ ಬೀಳುವುದು ಗೋಡೆಗೆ ಒರಗಿಸಿಟ್ಟಿರುವ ಒಂದು ಮಾದರಿ ಫಲಕ. ಒಂದೇ ಚಿತ್ರವನ್ನು, ದೇವಸ್ಥಾನದ ಗೋಪುರದ ಒಂದು ಫೋಟೊವನ್ನು, ಐದು ಬಗೆಯ ಕಲ್ಲುಗಳ ಮೇಲೆ ಕೆತ್ತಿ ಪಕ್ಕಪಕ್ಕದಲ್ಲಿ ಜೋಡಿಸಿದ್ದಾರೆ: ರಾಜಸ್ಥಾನದ ಭೈಂಸ್ಲಾನಾ ಕಪ್ಪು ಮಾರ್ಬಲ್, ಚಾಮರಾಜನಗರದ ಕಪ್ಪು ಗ್ರಾನೈಟ್, ಕಡಪಾ ಕಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್ ಮತ್ತು ಮಕ್ರಾನಾದ ಬಿಳಿ ಮಾರ್ಬಲ್. ಇಂಥ ಫಲಕವೊಂದನ್ನು ತಮ್ಮ ಅಂಗಡಿಯಲ್ಲಿ ಇಟ್ಟುಕೊಂಡಿರುವವರನ್ನು ಧೈರ್ಯವಾಗಿ ನಂಬಬಹುದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದರಲ್ಲಿ ಎರಡು ಕಲ್ಲುಗಳ ಮೇಲೆ ಚಿತ್ರ ಚೆನ್ನಾಗಿಲ್ಲ. ಅದನ್ನು ಮುಚ್ಚಿಡದೆ ಗಿರಾಕಿಗೆ ತೋರಿಸುತ್ತಾರೆ. ಕೆಂಪು ಗ್ರಾನೈಟಿನ ಮೇಲೆ ಗೋಪುರವನ್ನು ಹುಡುಕಬೇಕು. ಬಿಳಿ ಮಾರ್ಬಲ್ಲಿನ ಮೇಲೆ ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಏನೋ ಇದೆಯೆಂದು ತಿಳಿಯುತ್ತದೆ.

ಹೀಗೇಕೆ ಆಗುತ್ತದೆ ಎಂದು ಅವರು ವಿವರಿಸಿದ್ದು ನನಗೆ ಬಹಳ ಉಪಯೋಗಕ್ಕೆ ಬಂತು. ಲೇಸರ್ ಕಲ್ಲಿಗೆ ಬಣ್ಣ ಹಚ್ಚುವುದಿಲ್ಲ. ಮಾರ್ಬಲ್ ಎಂದರೆ ಭೂಮಿಯೊಳಗಿನ ಶಾಖಕ್ಕೂ ಒತ್ತಡಕ್ಕೂ ಸಿಕ್ಕು ರೂಪಾಂತರಗೊಂಡ ಸುಣ್ಣದ ಕಲ್ಲು, ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಅಗಲದ ಚುಕ್ಕಿಯ ಮೇಲೆ ಲೇಸರಿನ ಶಾಖ ಕ್ಷಣಮಾತ್ರ ಬಿದ್ದಾಗ ಅಲ್ಲಿನ ಹರಳುಗಳು ಸಣ್ಣಗೆ ಬಿರಿಯುತ್ತವೆ, ಒಂದಿಷ್ಟು ಭಾಗ ಸುಟ್ಟು ಸುಣ್ಣವಾಗುತ್ತದೆ. ಸುಣ್ಣದ ಗೂಡಿನಲ್ಲಿ ಕಲ್ಲು ಬೇಯುವಾಗ ನಡೆಯುವುದೇ ಇಲ್ಲಿ ಒಂದು ಚುಕ್ಕಿಯಲ್ಲಿ ನಡೆಯುತ್ತದೆ. ಹೊಳಪು ಕಳೆದುಕೊಂಡು ಒರಟಾದ ಆ ಚುಕ್ಕಿ ಬೆಳಕನ್ನು ಚೆದುರಿಸುವುದರಿಂದ ಬೂದುಬಿಳಿಯಾಗಿ ಕಾಣುತ್ತದೆ. ಸುತ್ತಲಿನ ಪಾಲಿಶ್ ಮಾಡಿದ ಕಪ್ಪು ಹಾಗೆಯೇ ಉಳಿಯುವುದರಿಂದ ಕಪ್ಪು ಕಲ್ಲಿನ ಮೇಲೆ ಚಿತ್ರ ಎದ್ದು ಬರುತ್ತದೆ. ಬಿಳಿ ಕಲ್ಲಿನ ಮೇಲೆ ಬಿಳಿಯ ಗುರುತು ಬಿದ್ದರೆ ಕಣ್ಣಿಗೆ ಸಿಗುವುದು ಏನೂ ಇಲ್ಲ. ಗ್ರಾನೈಟಿನಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಎಂದು ಬೇರೆಬೇರೆ ಹರಳುಗಳು ಸೇರಿರುತ್ತವೆ, ಒಂದೊಂದೂ ಶಾಖಕ್ಕೆ ಒಂದೊಂದು ರೀತಿ ಸ್ಪಂದಿಸುತ್ತದೆ. ಆದ್ದರಿಂದ ಹರಳು ದಪ್ಪವಿರುವ ಗ್ರಾನೈಟಿನಲ್ಲಿ ಮುಖ ಚುಕ್ಕೆಚುಕ್ಕೆಯಾಗುತ್ತದೆ, ಹರಳು ಸಣ್ಣಗಿರುವ ಚಾಮರಾಜನಗರದ ಕಪ್ಪು ಕಲ್ಲಿನಲ್ಲಿ ತಕ್ಕಮಟ್ಟಿಗೆ ಚೆನ್ನಾಗಿಯೇ ಬರುತ್ತದೆ.

ಮಾರುಕಟ್ಟೆಯಲ್ಲಿ ‘ಬ್ಲ್ಯಾಕ್ ಮಾರ್ಬಲ್’ ಎಂಬ ಹೆಸರಿನಲ್ಲಿ ಗ್ರಾನೈಟನ್ನೂ ಕಡಪಾ ಕಲ್ಲನ್ನೂ, ಕೆಲವೊಮ್ಮೆ ಮಾರ್ಬಲ್ಲಿನ ಗೆರೆಗಳನ್ನು ಅಚ್ಚುಹಾಕಿದ ಸೆರಾಮಿಕ್ ಟೈಲ್ಸನ್ನೂ ಕೊಡುವುದುಂಟು. ಸೆರಾಮಿಕ್ ಹೌದೋ ಅಲ್ಲವೋ ಎಂದು ತಿಳಿಯಲು ಹಲಗೆಯನ್ನು ತಿರುಗಿಸಿ ನೋಡಿದರೆ ಸಾಕು: ಹಿಂಬದಿಯಲ್ಲಿ ಅಚ್ಚಿನ ಏಣುಗಳಿದ್ದು, ಅಂಚಿನಲ್ಲಿ ಮೇಲಿನ ಗೆರೆ ಒಳಕ್ಕೆ ಇಳಿಯದೆ ಮೇಲ್ಪದರದಲ್ಲಿಯೇ ನಿಂತಿದ್ದರೆ ಅದು ಕಲ್ಲಲ್ಲ. ಗ್ರಾನೈಟೋ ಮಾರ್ಬಲ್ಲೋ ಎಂಬುದಕ್ಕೆ ಹಿಂಬದಿಯ ಮೂಲೆಯಲ್ಲಿ ಚಾಕುವಿನ ತುದಿಯಿಂದ ಗೀರಿ ನೋಡಬಹುದು. ಗಡಸುತನದ ಮೋಸ್ ಮಾಪಕದಲ್ಲಿ ಮಾರ್ಬಲ್ ಸುಮಾರು 3ರಲ್ಲಿದೆ, ಗ್ರಾನೈಟ್ 6ರಿಂದ 7ರಲ್ಲಿದೆ. ಮಾರ್ಬಲ್ ಮೇಲೆ ಗೀರು ಬೀಳುತ್ತದೆ, ಗ್ರಾನೈಟಿನ ಮೇಲೆ ಚಾಕುವಿನ ಕಬ್ಬಿಣವೇ ಸವೆದು ಉಳಿಯುತ್ತದೆ. ಅಥವಾ ಅದೇ ಮೂಲೆಗೆ ಒಂದು ತೊಟ್ಟು ನಿಂಬೆರಸ ಬಿಟ್ಟು ಸ್ವಲ್ಪ ಹೊತ್ತು ಬಿಟ್ಟು ಒರೆಸಿದರೆ ಮಾರ್ಬಲ್ ಮಂಕಾಗಿರುತ್ತದೆ. ಕಡಪಾ ಕಲ್ಲು ಕೂಡ ಸುಣ್ಣದ ಕಲ್ಲೇ ಆದ್ದರಿಂದ ನಿಂಬೆರಸ ಅವೆರಡನ್ನು ಬೇರ್ಪಡಿಸಿ ತೋರಿಸುವುದಿಲ್ಲ. ಅಲ್ಲಿ ಬಣ್ಣದ ಮೇಲೆ ಕಣ್ಣಿಡಬೇಕು. ಬೂದು ಕಲ್ಲಿಗೆ ಕಪ್ಪು ಹಚ್ಚಿ ಹೊಳಪು ಕೊಟ್ಟಿದ್ದರೆ ಥಿನ್ನರಿನಲ್ಲಿ ಅದ್ದಿದ ಹತ್ತಿಗೆ ಕಪ್ಪು ಅಂಟಿಕೊಳ್ಳುತ್ತದೆ. ಅಂಗಡಿಯವರು ಈ ಪರೀಕ್ಷೆಗಳನ್ನೆಲ್ಲ ನಾನು ಕೇಳುವ ಮೊದಲೇ ನನ್ನೆದುರು ಮಾಡಿ ತೋರಿಸಿದರು. ನಾನು ಆರಿಸಿಕೊಂಡದ್ದು 12 ಇಂಚು ಉದ್ದಗಲದ, 10 ಮಿಲಿಮೀಟರ್ ದಪ್ಪದ ರಾಜಸ್ಥಾನದ ಕಪ್ಪು ಮಾರ್ಬಲ್.

ಕಲ್ಲಿಗಿಂತ ಹೆಚ್ಚು ಸಮಯ ಹಿಡಿದದ್ದು ಫೋಟೊ. ಅಮ್ಮನದು ಸ್ಟುಡಿಯೊದಲ್ಲಿ ತೆಗೆಸಿದ 4 ಇಂಚು ಅಗಲ, 6 ಇಂಚು ಉದ್ದದ ಕಪ್ಪುಬಿಳುಪು ಚಿತ್ರ. ಹಿಂದೆ ಚಿತ್ರ ಬರೆದ ಪರದೆ, ಮುಂದೆ ಬೆಂಡೋಲೆ, ಮೂಗುಬೊಟ್ಟು ಹಾಕಿಕೊಂಡು ನಗದೆ ನೋಡುತ್ತಿರುವ ಮುವ್ವತ್ತರ ಹೆಣ್ಣುಮಗಳು. ಅದನ್ನು ಮೊಬೈಲಿನಲ್ಲಿ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದೆ. ಅವರು ಅದನ್ನು ಒಪ್ಪಲಿಲ್ಲ. “ಮೇಡಂ, ವಾಟ್ಸ್ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ; ಇಲ್ಲದಿದ್ದರೆ ಮೂಲ ಫೋಟೊನೇ ತನ್ನಿ, ನಿಮ್ಮೆದುರಿಗೇ ಸ್ಕ್ಯಾನ್ ಮಾಡಿ ವಾಪಸ್ ಕೊಡ್ತೀನಿ” ಎಂದರು. ಮರುದಿನ ಫೋಟೊ ಒಯ್ದೆ. ಇಂಚಿಗೆ 600 ಚುಕ್ಕಿಗಳ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿದರು. ಹಲಗೆಯ ಮೇಲೆ ಚಿತ್ರ ಮೂಡುವ ಜಾಗ 8 ಇಂಚು ಅಗಲ, 10 ಇಂಚು ಎತ್ತರ. ಕಲ್ಲಿನ ಮೇಲೆ ಇಂಚಿಗೆ ಸುಮಾರು 250 ಚುಕ್ಕಿ ಕೂರುತ್ತದೆ. ಆ ಲೆಕ್ಕಕ್ಕೆ ನಮ್ಮ ಸ್ಕ್ಯಾನ್ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಲೇಸರಿಗೆ ಬೂದುಬಣ್ಣ ಎಂಬುದು ಇಲ್ಲವೆಂದೇ ಹೇಳಬಹುದು. ಚುಕ್ಕಿ ಇದೆ ಅಥವಾ ಇಲ್ಲ. ಪತ್ರಿಕೆಯ ಹಳೆಯ ಫೋಟೊಗಳಂತೆ, ಚುಕ್ಕಿಗಳನ್ನು ಒತ್ತಾಗಿ ಇಟ್ಟರೆ ಬೆಳಕು, ವಿರಳವಾಗಿ ಇಟ್ಟರೆ ನೆರಳು. ಅದೂ ಕಪ್ಪು ಕಲ್ಲಿನಲ್ಲಿ ಎಲ್ಲವೂ ತಿರುಗುಮುರುಗು: ಫೋಟೊದಲ್ಲಿ ಎಲ್ಲಿ ಬೆಳಕಿದೆಯೋ ಅಲ್ಲಿ ಲೇಸರ್ ಹೊಡೆಯಬೇಕು, ಎಲ್ಲಿ ಕತ್ತಲಿದೆಯೋ ಅಲ್ಲಿ ಕಲ್ಲನ್ನು ಮುಟ್ಟಬಾರದು. ಆದ್ದರಿಂದ ಯಂತ್ರಕ್ಕೆ ಕೊಡುವುದು ನೆಗೆಟಿವ್. ಹೀಗಿರುವಾಗ ಕಪ್ಪು ಕೂದಲು ಕಪ್ಪು ಕಲ್ಲಿನೊಳಗೆ ಕರಗಿಹೋಗುತ್ತದೆ, ಪೌಡರ್ ಹಚ್ಚಿದ ಕೆನ್ನೆ ಒಂದೇ ಬಿಳಿಯ ಮುದ್ದೆಯಾಗುತ್ತದೆ. ಆನ್‌ಲೈನಿನಲ್ಲಿ ತರಿಸಿದ ಹಲಗೆಯಲ್ಲಿ ಇವೆರಡೂ ಆಗಿದ್ದವು. ಹಣೆಯ ಮೇಲುಗಡೆ ತಲೆಯೇ ಇಲ್ಲದಂತೆ ಕಾಣುತ್ತಿತ್ತು. ಹಾಸನದವರು ತಲೆಯ ಹಿಂದಿನ ಪರದೆಯನ್ನು ತುಸು ತಿಳಿಗೊಳಿಸಿ ಕೂದಲಿನ ಅಂಚು ಕಾಣುವಂತೆ ಮಾಡಿದರು. ಬೈತಲೆಯ ಎರಡೂ ಕಡೆ ಎಣ್ಣೆಯ ಹೊಳಪು ಇದ್ದ ಎಳೆಗಳನ್ನು ಕೊಂಚ ಎತ್ತಿದರು. ಕೆನ್ನೆಯ ಬೆಳಕನ್ನು ಇಳಿಸಿದರು. ಇಷ್ಟನ್ನು ಬಿಟ್ಟು ಮುಖವನ್ನು ಮುಟ್ಟಲಿಲ್ಲ. ಹುಬ್ಬಿನ ಮೇಲಿನ ಕಲೆಯನ್ನು ನಾನು ತೋರಿಸುವ ಮೊದಲೇ ಅವರು ಕಂಪ್ಯೂಟರಿನ ಪರದೆಯ ಮೇಲೆ ಅದಕ್ಕೆ ಬೆರಳಿಟ್ಟು, “ಇದು ಫೋಟೊದ ಮೇಲೆ ಬಿದ್ದ ಧೂಳಾ, ಅಮ್ಮಾವ್ರದ್ದೇ ಕಲೇನಾ?” ಎಂದು ಕೇಳಿದರು. ಆ ಒಂದು ಪ್ರಶ್ನೆಗಾಗಿಯೇ ಅವರಿಗೆ ನಾನು ಋಣಿಯಾಗಿದ್ದೇನೆ. ಗೊತ್ತಿಲ್ಲದ್ದನ್ನು ಅಳಿಸಿಹಾಕದೆ ಕೇಳಿ ತಿಳಿದುಕೊಳ್ಳುವ ಆ ಬುದ್ಧಿ ಇಂಥ ಕೆಲಸ ಮಾಡುವವರಿಗೆ ಮೊದಲು ಇರಬೇಕು.

ಕೆತ್ತನೆಯ ದಿನ ಬರಲು ನನಗೆ ಅನುಮತಿ ಕೊಟ್ಟರು. ಅವರ ಯಂತ್ರ ಎರಡಡಿ ಅಗಲ, ಮೂರಡಿ ಉದ್ದದ, ಕಲ್ಲಿಡುವ ಹಾಸು ಉಳ್ಳ 60 ವ್ಯಾಟಿನ ಕಾರ್ಬನ್ ಡೈಆಕ್ಸೈಡ್ ಲೇಸರ್. ಈ ಬಗೆಯ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಅದರ ಕಿರಣದ ತರಂಗಾಂತರ 10.6 ಮೈಕ್ರೊಮೀಟರ್, ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಹಲಗೆಯ ಮೇಲೆ ಓಡಾಡುವ ಕೆಂಪು ಚುಕ್ಕಿ ಜಾಗ ತೋರಿಸುವ ಸೂಚಕ ಮಾತ್ರ. ಕಲ್ಲು ಈ ಕಿರಣವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಯಂತ್ರದ ಮುಚ್ಚಳದ ಅಕ್ರಿಲಿಕ್ ಕೂಡ ಅದನ್ನು ತಡೆದು ನಿಲ್ಲಿಸುತ್ತದೆ. ಆದ್ದರಿಂದಲೇ ಮುಚ್ಚಳ ಹಾಕಿದ ಮೇಲೆ ನಾವು ಧೈರ್ಯವಾಗಿ ಬಗ್ಗಿ ನೋಡಬಹುದು.

ಹಲಗೆಯನ್ನು ಒಳಗಿಟ್ಟು ಅವರು ಅಕ್ರಿಲಿಕ್ಕಿನ ಒಂದು ಸಣ್ಣ ತುಂಡನ್ನು ಲೆನ್ಸಿನ ಮೂತಿಗೂ ಕಲ್ಲಿಗೂ ನಡುವೆ ನಿಲ್ಲಿಸಿ ಎತ್ತರ ಸರಿಮಾಡಿದರು, ಆಮೇಲೆ ನಾಲ್ಕೂ ಮೂಲೆಗಳಲ್ಲಿ ಅದನ್ನೇ ಇಟ್ಟು ನೋಡಿದರು. ಒಂದು ಮೂಲೆ ಕೂದಲೆಳೆಯಷ್ಟು ತಗ್ಗಿತ್ತು. ಕೆಳಗೆ ಮಡಚಿದ ಕಾಗದ ಕೊಟ್ಟರು. ಹಲಗೆ ಸಮವಾಗಿ ಕೂರದಿದ್ದರೆ ಚಿತ್ರದ ಒಂದು ಮಗ್ಗುಲು ಚೊಕ್ಕವಾಗಿಯೂ ಇನ್ನೊಂದು ಮಗ್ಗುಲು ಮಸುಕಾಗಿಯೂ ಬರುತ್ತದೆಯಂತೆ. ಗುಂಡಿ ಒತ್ತಿದ ಮೇಲೆ ಲೆನ್ಸಿನ ಮೂತಿ ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಓಡತೊಡಗಿತು. ಒಂದು ಸಲ ಹೋಗಿ ಬಂದರೆ ಒಂದು ಗೆರೆ, ಮಿಲಿಮೀಟರಿಗೆ ಹತ್ತು ಗೆರೆ, ಒಟ್ಟು ಎರಡೂವರೆ ಸಾವಿರ ಗೆರೆಗಳು. ಮುಕ್ಕಾಲು ಗಂಟೆ ಹಿಡಿಯಿತು. ಮೊದಲು ಪರದೆ, ಆಮೇಲೆ ಬೈತಲೆ, ಆಮೇಲೆ ಹಣೆ. ಕೆತ್ತುತ್ತಿರುವಾಗ ಬಿಳಿ ಪುಡಿ ಮುಸುಕಿಕೊಂಡಿರುವುದರಿಂದ ಏನೂ ಸ್ಪಷ್ಟವಿರುವುದಿಲ್ಲ. ಮುಗಿದ ಮೇಲೆ ಅವರು ಒದ್ದೆ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆದರು, ಬಟ್ಟೆಯ ಹಿಂದೆಯೇ ಅಮ್ಮನ ಮುಖ ತೆರೆದುಕೊಂಡಿತು. ಆ ಹಲಗೆಯಲ್ಲಿ ಬೆಂಡೋಲೆಯ ಏಳು ಕಲ್ಲುಗಳನ್ನು ಬೇರೆಬೇರೆಯಾಗಿ ಎಣಿಸಬಹುದು. ಮೂಲ ಫೋಟೊದಲ್ಲಿ ಅವು ಏಳೆಂದು ನಾನು ಗಮನಿಸಿರಲಿಲ್ಲ. ಮನೆಗೆ ಬಂದು ಬೀರುವಿನಲ್ಲಿದ್ದ ಓಲೆಯನ್ನು ತೆಗೆದು ನೋಡಿದೆ.

ಇನ್ನು ಅಕ್ಷರದ ವಿಷಯ. ಕನ್ನಡದಲ್ಲಿ ಏನನ್ನಾದರೂ ಕೆತ್ತಿಸುವವರು ಇದನ್ನು ದಯವಿಟ್ಟು ಗಮನವಿಟ್ಟು ಓದಬೇಕು. ಆನ್‌ಲೈನ್ ಸೇವೆಯವರು ಕಳುಹಿಸಿದ ಚಿತ್ರದಲ್ಲಿ ಸರಿಯಾಗಿದ್ದ ‘ಸ್ಮರಣಾರ್ಥ’ ಕಲ್ಲಿನ ಮೇಲೆ ಒಡೆದುಹೋದದ್ದು ಹೇಗೆ ಎಂಬುದು ನನಗೆ ಹಾಸನದಲ್ಲಿ ತಿಳಿಯಿತು. ವಿನ್ಯಾಸ ಮಾಡಿದ ಕಂಪ್ಯೂಟರಿನಲ್ಲಿ ಕನ್ನಡದ ಒತ್ತಕ್ಷರ, ಅರ್ಕಾವತ್ತುಗಳನ್ನು ಸರಿಯಾಗಿ ಕೂಡಿಸುವ ತಂತ್ರಾಂಶವೂ ಫಾಂಟೂ ಇರುತ್ತವೆ. ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರಿನಲ್ಲಿ ಅವು ಇರುವುದಿಲ್ಲ. ಕಡತವನ್ನು ಅಲ್ಲಿ ತೆರೆದ ಕೂಡಲೇ ಅಕ್ಷರಗಳು ಕಳಚಿಕೊಳ್ಳುತ್ತವೆ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ, ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರಸಂಕೇತಕ್ಕೆ ಸೇರದ ಫಾಂಟುಗಳಲ್ಲಿ ಟೈಪ್ ಮಾಡಿದ್ದರಂತೂ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು ಬರಬಹುದು. ಇದಕ್ಕೆ ಪರಿಹಾರ ಸುಲಭ: ವಿನ್ಯಾಸ ಮುಗಿದ ಮೇಲೆ ಅಕ್ಷರಗಳನ್ನು ‘ಕರ್ವ್ಸ್’ಗೆ ಪರಿವರ್ತಿಸಬೇಕು. ಆಗ ಅವು ಅಕ್ಷರಗಳಾಗಿ ಉಳಿಯದೆ ರೇಖಾಕೃತಿಗಳಾಗುತ್ತವೆ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕೆಡುವುದಿಲ್ಲ. ಕೆಲಸ ಕೊಡುವಾಗ “ಕರ್ವ್ಸ್ ಮಾಡುತ್ತೀರಾ?” ಎಂದು ಕೇಳಿ, ಮತ್ತು ಒಪ್ಪಿಗೆ ಕೊಡುವ ಮೊದಲು ಯಂತ್ರದ ಕಂಪ್ಯೂಟರಿನ ಪರದೆಯ ಫೋಟೊವನ್ನೇ ತರಿಸಿಕೊಂಡು ನೋಡಿ. ಕಲ್ಲಿನ ಮೇಲೆ ಬಿದ್ದ ಅಕ್ಷರವನ್ನು ಅಳಿಸುವ ದಾರಿ ಇಲ್ಲ. ಮೇಲ್ಮೈಯನ್ನೆಲ್ಲ ಮತ್ತೆ ಅರೆದು ಪಾಲಿಶ್ ಮಾಡಬೇಕು, ಇಲ್ಲವೇ ಹೊಸ ಕಲ್ಲು ಹಿಡಿಯಬೇಕು.

ಅಪ್ಪನ ಫಲಕದಲ್ಲಿ ಇನ್ನೊಂದು ಸೂಕ್ಷ್ಮ ಎದುರಾಯಿತು. ಊರಿನವರೆಲ್ಲ ಅವರನ್ನು ಕರೆಯುತ್ತಿದ್ದದ್ದು ‘ಹೆಡ್‌ಮಾಸ್ತರು’ ಎಂದೇ. ಮುಖ್ಯೋಪಾಧ್ಯಾಯರು ಎಂದು ಹಾಕಿದರೆ ಅದು ಯಾರೋ ಬೇರೆಯವರಂತೆ ಕೇಳಿಸುತ್ತದೆ ಎಂದು ಆ ಪದವನ್ನೇ ಉಳಿಸಿಕೊಂಡಿದ್ದೆವು. ಟೈಪ್ ಮಾಡಿದಾಗ ಅದು ‘ಹೆಡ್ಮಾಸ್ತರು’ ಎಂದಾಯಿತು. ಡಕಾರದ ಕೆಳಗೆ ಮಕಾರದ ಒತ್ತು ಬಂದರೆ ಓದುವವರಿಗೆ ತೊಡಕು. ಎರಡು ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಒಂದು ಬೇರ್ಪಡಿಕೆಯ ಗುರುತು ಹಾಕಿದರೆ ಅರ್ಧಾಕ್ಷರ ಅರ್ಧಾಕ್ಷರವಾಗಿಯೇ ನಿಲ್ಲುತ್ತದೆ. ಅಂಗಡಿಯವರಿಗೆ ಅದು ಗೊತ್ತಿರಲಿಲ್ಲ. ನನ್ನ ಮೊಬೈಲಿನಲ್ಲಿ ಸರಿಯಾಗಿ ಬರೆದು ಕಳುಹಿಸಿದ್ದನ್ನು ಹಾಗೆಯೇ ನಕಲು ಮಾಡಿಕೊಂಡರು. ಫಾಂಟಿನ ವಿಷಯದಲ್ಲಿಯೂ ನನ್ನ ಮಾತು ಕೇಳಿದರು. ಅವರು ಮೊದಲು ತೋರಿಸಿದ್ದು ಮದುವೆಯ ಕರೆಯೋಲೆಯಲ್ಲಿ ಕಾಣುವ ಬಳುಕಿನ ಅಕ್ಷರ. ಅದರ ಒತ್ತುಗಳು ಎಳೆಯಂತೆ ಸಣ್ಣಗಿದ್ದು, ಕಲ್ಲಿನಲ್ಲಿ ನಿಲ್ಲುವಂತಿರಲಿಲ್ಲ. ಗೂಗಲ್ ಉಚಿತವಾಗಿ ಕೊಡುವ ನೋಟೊ ಸೆರಿಫ್ ಕನ್ನಡವನ್ನು ತುಸು ದಪ್ಪವಾಗಿ ಬಳಸಿದೆವು. ಅಮ್ಮನ ಹಲಗೆಯಲ್ಲಿ ಹೆಸರಿನ ಕೆಳಗಿನ ಸಣ್ಣ ಸಾಲಿನ ಅಕ್ಷರಗಳು 5 ಮಿಲಿಮೀಟರ್ ಎತ್ತರವಿವೆ; ಒತ್ತುಗಳು ತುಂಬಿಕೊಳ್ಳದೆ ಚೊಕ್ಕವಾಗಿ ಬಂದಿವೆ. ಇದಕ್ಕಿಂತ ಚಿಕ್ಕದು ಬೇಡವೆಂದು ನನ್ನ ಸಲಹೆ.

ಬಿಳಿ ಫಲಕದ ಮೇಲೆ ಅಪ್ಪನ ಫೋಟೊ ಕೂಡ ಇರಲಿ ಎಂಬುದು ತಮ್ಮನ ಆಸೆಯಾಗಿತ್ತು. ಅಂಗಡಿಯವರು ಒಂದು ಚೂರು ಬಿಳಿ ಮಾರ್ಬಲ್ಲಿನ ಮೇಲೆ ಕೆತ್ತಿ, ಮಸಿ ತುಂಬಿ ತೋರಿಸಿದರು. ಮುಖದ ನೆರಳುಗಳೆಲ್ಲ ಒಂದಕ್ಕೊಂದು ಹರಿದು ಮೀಸೆ, ತುಟಿ ಸೇರಿಹೋಗಿದ್ದವು. “ಹಣ ತಗೊಂಡು ಮಾಡಿಕೊಡಬಹುದು, ಆದರೆ ಶಾಲೆ ಗೋಡೆ ಮೇಲೆ ಇದನ್ನ ಹಾಕಿದರೆ ನನಗೇ ಬೇಜಾರಾಗುತ್ತೆ” ಎಂದು ಕೆಲಸ ಬೇಡವೆಂದರು. ಬಿಳಿ ಸೆರಾಮಿಕ್ ಟೈಲ್ಸಿಗೆ ಟೈಟಾನಿಯಂ ಡೈಆಕ್ಸೈಡ್ ಲೇಪಿಸಿ ಕೆತ್ತಿದರೆ ಕಪ್ಪು ಚಿತ್ರ ಬರುತ್ತದೆ, ಅದು ಗಾಜಿನ ಮೇಲ್ಪದರ ಇರುವ ಟೈಲ್ಸಿಗೆ ಹೇಳಿದ ವಿಧಾನ, ಕಲ್ಲಿಗಲ್ಲ ಎಂದೂ ತಿಳಿಸಿದರು. ನಾವು ಬರಿಯ ಬರಹಕ್ಕೇ ಒಪ್ಪಿಕೊಂಡೆವು.

ಬಿಳಿ ಕಲ್ಲಿನ ಮೇಲೆ ಬರಹ ಮೂಡಿಸುವ ಕ್ರಮ ಹೀಗೆ: ಹಲಗೆಯ ಮೇಲೆಲ್ಲ ಅಂಟುಕಾಗದ ಹಚ್ಚಿ, ಲೇಸರ್ ಆ ಕಾಗದವನ್ನೂ ಸುಟ್ಟು ಕಲ್ಲನ್ನೂ ಎರಡು ಮೂರು ಸಲ ತಿವಿಯುವಂತೆ ಮಾಡಿ, ಆ ತಗ್ಗಿಗೆ ಕಪ್ಪು ಎನಾಮಲ್ ತುಂಬಿ, ಒಣಗಿದ ಮೇಲೆ ಕಾಗದ ಕಿತ್ತುಹಾಕುವುದು. ನಮ್ಮ ಫಲಕದ ಆರು ಸಾಲುಗಳಲ್ಲಿ ಐದು ಸಾಲುಗಳು ಅಚ್ಚುಕಟ್ಟಾಗಿವೆ. ಕೊನೆಯ ಸಾಲಿನಲ್ಲಿ ಎರಡು ಅಕ್ಷರಗಳ ಅಂಚಿನಿಂದ ಬಣ್ಣ ಕಲ್ಲಿನ ಹರಳಿನೊಳಕ್ಕೆ ಒಸರಿ, ಬಿಳಿ ಬಟ್ಟೆಗೆ ಶಾಯಿ ಹರಡಿದಂತೆ ಸಣ್ಣ ಕಪ್ಪು ಕೂದಲುಗಳು ಎದ್ದಿವೆ. ಕೆತ್ತುವ ಮೊದಲು ಕಲ್ಲಿಗೆ ಸೀಲರ್, ಅಂದರೆ ಕಲ್ಲಿನ ಸಣ್ಣ ರಂಧ್ರಗಳನ್ನು ಮುಚ್ಚುವ ದ್ರವ, ಹಚ್ಚಿ ಒಂದು ದಿನ ಬಿಟ್ಟಿದ್ದರೆ ಇದು ತಪ್ಪುತ್ತಿತ್ತು. ಅವರು ಸೀಲರ್ ಹಚ್ಚಿದ್ದು ನಿಜ, ಆದರೆ ಅವಸರದಲ್ಲಿ ಅದೇ ದಿನ ಕೆತ್ತಿದರು. ಅದನ್ನು ಅವರೇ ಒಪ್ಪಿಕೊಂಡು 400 ರೂಪಾಯಿ ಬಿಟ್ಟುಕೊಟ್ಟರು. ಮೂರಡಿ ದೂರದಿಂದ ಅದು ಕಾಣುವುದಿಲ್ಲ. ಹತ್ತಿರ ಹೋದರೆ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಫಲಕ ಎಲ್ಲಿ ಹಾಕುತ್ತೀರಿ ಎಂದು ಮೊದಲೇ ಕೇಳಿದ್ದು ಅವರ ಇನ್ನೊಂದು ಒಳ್ಳೆಯ ಗುಣ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು ಕ್ರಿ.ಶ. 450ರದ್ದೆಂದು ಹೇಳುತ್ತಾರೆ, ಅದರ ಹದಿನಾರು ಸಾಲುಗಳನ್ನು ಇಂದಿಗೂ ಓದಬಹುದಾದದ್ದು ಉಳಿಯಿಂದ ಕಂಡರಿಸಿದ ಅಕ್ಷರಗಳಿಂದ. ಆದರೆ ಲೇಸರ್ ಚಿತ್ರದ ಆಳ ಕೂದಲಿನ ದಪ್ಪದಷ್ಟು ಮಾತ್ರ. ಮಳೆ, ಬಿಸಿಲಿಗೆ ನೇರವಾಗಿ ಒಡ್ಡುವ ಕಡೆ, ಅದರಲ್ಲಿಯೂ ಮಾರ್ಬಲ್ಲಿನ ಮೇಲೆ, ಅದು ಬಾಳುವುದಿಲ್ಲ. ಅಂಥ ಜಾಗಕ್ಕೆ ಗ್ರಾನೈಟಿನ ಮೇಲೆ ಉಳಿಯಿಂದಲೋ ಮರಳಿನ ಹೊಡೆತದಿಂದಲೋ ಆಳವಾಗಿ ಕೆತ್ತಿಸಬೇಕು ಎಂದು ಅವರೇ ಹೇಳಿ, ಕಲ್ಲುಕೆತ್ತನೆಯವರ ವಿಳಾಸವನ್ನೂ ಕೊಟ್ಟರು. ನಮ್ಮ ಫಲಕ ಶಾಲೆಯ ಜಗಲಿಯೊಳಗಿನ ಗೋಡೆಗೆ ಹಾಕುವುದಾಗಿತ್ತು, ಆದ್ದರಿಂದ ಮುಂದುವರಿದೆವು.

ಅಮ್ಮನ ಹಲಗೆಗೆ ಫೋಟೊ ಸರಿಪಡಿಸಿದ್ದೂ ಸೇರಿ 1,900 ರೂಪಾಯಿ, 18 ಇಂಚು ಉದ್ದ, 12 ಇಂಚು ಎತ್ತರದ ಬಿಳಿ ಫಲಕಕ್ಕೆ ರಿಯಾಯಿತಿ ಕಳೆದು 2,800 ರೂಪಾಯಿ ಕೊಟ್ಟೆವು. ಒಂದು ವಾರ ಎಂದವರು ಹನ್ನೊಂದು ದಿನ ಮಾಡಿದರು. ಬಿಲ್ಲಿನಲ್ಲಿ ‘ಮಾರ್ಬಲ್ ಕೆತ್ತನೆ’ ಎಂದಷ್ಟೇ ಇದೆ; ಯಾವ ಕಲ್ಲು, ಎಷ್ಟು ದಪ್ಪ ಎಂದು ಬರೆಯುವ ರೂಢಿಯನ್ನು ಅವರು ಮಾಡಿಕೊಳ್ಳಬೇಕು. ಅದಕ್ಕಿಂತ ಮುಖ್ಯವಾದ ಇನ್ನೊಂದು ದೂರು ಇದೆ. ಯಂತ್ರದ ಧೂಳನ್ನು ಹೊರಗೆ ತಳ್ಳುವ ಕೊಳವೆ ಕಿಟಕಿಯ ತನಕ ಮಾತ್ರ ಇದೆ, ಗಾಳಿ ತಿರುಗಿದರೆ ಪುಡಿಯೆಲ್ಲ ಒಳಗೇ ಬರುತ್ತದೆ. ಗ್ರಾನೈಟಿನ ಧೂಳಿನಲ್ಲಿ ಶ್ವಾಸಕೋಶವನ್ನು ಕೆಡಿಸುವ ಸಿಲಿಕಾ ಇರುತ್ತದೆ. ದಿನವಿಡೀ ಅಲ್ಲಿಯೇ ನಿಲ್ಲುವವರು ಬಾಯಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ನಾನು ಇದನ್ನು ಅವರಿಗೆ ಎದುರಿನಲ್ಲಿಯೇ ಹೇಳಿದೆ, ಕೊಳವೆಯನ್ನು ಮಾಡಿನ ಮೇಲಕ್ಕೆ ಒಯ್ಯುವುದಾಗಿ ಹೇಳಿದ್ದಾರೆ.

ಹಲಗೆಯನ್ನು ಮನೆಗೆ ತಂದ ಮೇಲೆ ನೆನಪಿಡಬೇಕಾದದ್ದು ಕಡಿಮೆ, ಆದರೆ ತಪ್ಪದೆ ಪಾಲಿಸಬೇಕಾದದ್ದು. ಹನ್ನೆರಡು ಇಂಚಿನ ಹಲಗೆ ಎರಡೂವರೆ ಕಿಲೊ ತೂಗುತ್ತದೆ. ಫೋಟೊ ಚೌಕಟ್ಟಿನಂತೆ ಒಂದು ಮೊಳೆಗೆ ನೇತುಹಾಕಬಾರದು. ನಾವು ಬಡಗಿಯಿಂದ ತೇಗದ ಪೀಠ ಮಾಡಿಸಿದೆವು. ಕುಂಕುಮ, ಅರಿಶಿನವನ್ನು ನೇರವಾಗಿ ಕಲ್ಲಿಗೆ ಹಚ್ಚಬೇಡಿ. ಕೆತ್ತಿದ ಒರಟು ಚುಕ್ಕಿಗಳೊಳಗೆ ಅವು ಕೂತರೆ ಮತ್ತೆ ಬರುವುದಿಲ್ಲ. ನಾವು ಪೀಠಕ್ಕೆ ಹಚ್ಚುತ್ತೇವೆ. ಒರೆಸಲು ನೀರಲ್ಲಿ ಹಿಂಡಿದ ಮೆತ್ತನೆಯ ಬಟ್ಟೆ ಸಾಕು. ದೇವರ ಪಾತ್ರೆಗೆ ಹಚ್ಚುವ ಹುಣಸೆಹುಳಿ, ನಿಂಬೆ, ಸ್ನಾನದ ಮನೆಯ ಆ್ಯಸಿಡ್ ಇವು ಯಾವುವೂ ಮಾರ್ಬಲ್ಲಿನ ಹತ್ತಿರ ಸುಳಿಯಬಾರದು.

ತಮ್ಮ ಡಿಸೆಂಬರಿನಲ್ಲಿ ಬಂದಾಗ ಅಮ್ಮನ ಹಲಗೆಯನ್ನು ನೋಡಿ, “ಅಕ್ಕಾ, ನನಗೂ ಒಂದು ಬೇಕು” ಎಂದ. ಕಡತ ಅಂಗಡಿಯಲ್ಲಿಯೇ ಇತ್ತು. ಕಲ್ಲಿಗೂ ಕೆತ್ತನೆಗೂ ಮಾತ್ರ 1,300 ರೂಪಾಯಿ ತೆಗೆದುಕೊಂಡು ಎರಡು ದಿನದಲ್ಲಿ ಮಾಡಿಕೊಟ್ಟರು. ಅದೇ ಕಡತ, ಅದೇ ಯಂತ್ರ, ಆದರೂ ಎರಡು ಹಲಗೆಗಳು ಒಂದೇ ಅಲ್ಲ. ಅವನ ಕಲ್ಲಿನಲ್ಲಿ ಬಿಳಿಯ ಸಣ್ಣ ಗೆರೆಯೊಂದು ಎಡ ಮೂಲೆಯಿಂದ ಇಳಿದು ಅಮ್ಮನ ಭುಜದ ಮೇಲೆ, ಸೆರಗು ನಿಲ್ಲುವ ಜಾಗದಲ್ಲಿ ಹಾದುಹೋಗಿದೆ. ಅಂಗಡಿಯವರು ಬೇರೆ ಕಲ್ಲು ಹಾಕಿಕೊಡಲೇ ಎಂದು ಕೇಳಿದರು. ತಮ್ಮ ಬೇಡವೆಂದು ಹೇಳಿ, ಹಲಗೆಯನ್ನು ಎರಡು ಸ್ವೆಟರುಗಳ ನಡುವೆ ಸುತ್ತಿ ಕೈಚೀಲದಲ್ಲಿಯೇ ಒಯ್ದ.